ಹಿಂದೆ ಬರುವ ಗಾಡಿ

ಆಟಿಕೆಯ ಲಾರಿಯ ಹಿಂಬದಿಯಲ್ಲಿ ಒಂದು ಕೊಂಡಿಯಿತ್ತು; ನನ್ನ ಮಟ್ಟಿಗೆ ಮುಂದಿನ ಸಮಸ್ತ ಅನರ್ಥಗಳಿಗೂ ಆ ಕೊಂಡಿಯೇ ಮೂಲ. ಮೊಳದುದ್ದದ, ರಿಮೋಟಿನ ಆಣತಿಯಂತೆ ಓಡುವ ಆ ಹಸಿರು ಲಾರಿಯನ್ನು ಯಾದಗಿರಿಯ ಸ್ಟೇಷನ್ ರಸ್ತೆಯ ಅಂಗಡಿಯೊಂದರಲ್ಲಿ ಕೊಂಡಾಗ ಅಂಗಡಿಯವರು ಮಗುವಿನ ವಯಸ್ಸೆಷ್ಟೆಂದು ವಿಚಾರಿಸಿದ್ದರು. ಇಪ್ಪತ್ತಾರು ಎನ್ನುವ ಧೈರ್ಯ ಸಾಲದೆ ಇಪ್ಪತ್ತನ್ನು ನುಂಗಿ ಬರೀ ಆರು ಎಂದೆ. ನಮ್ಮ ವೃತ್ತಿಯಲ್ಲಿ ಇದನ್ನು ಸುಳ್ಳು ಎನ್ನುವುದಿಲ್ಲ, ಭಾಗಶಃ ನಿವೇದನೆ ಎನ್ನುತ್ತಾರೆ. ವೃತ್ತಿ ಎಂದೆನಲ್ಲ, ಸುರಪುರದ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಫೈಲುಗಳನ್ನು ಹೊತ್ತು ಅವರ ಹಿಂದೆ ಹಿಂದೆ ನಡೆಯುವ ಕಿರಿಯಳು ನಾನು. ಆ ಲೆಕ್ಕದಲ್ಲಿ ನಾನೇ ಒಂದು ಟ್ರಾಲಿ. ಬರಿದಾದ ಕೊಂಡಿಯನ್ನು ಕಂಡು ನನ್ನ ಕರುಳು ಚುರುಕ್ಕೆಂದದ್ದು ಸ್ವಜಾತಿಪ್ರೇಮವಿದ್ದೀತು.

ಇನ್ನೊಂದು ಸಂಗತಿಯನ್ನು ಮೊದಲೇ ದಾಖಲಿಸಿಬಿಡುತ್ತೇನೆ. ದೆವ್ವ, ಗಾಳಿ, ಸೋಂಕು ಮುಂತಾದವುಗಳ ವಿಷಯದಲ್ಲಿ ನಾನು ಖಾಯಂ ಪ್ರತಿವಾದಿ. ಶಹಾಪುರದ ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತಿರುವ ಕಪ್ಪುಗಳೆಲ್ಲ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗಳಿಸಿದವು. ಮೇಷ್ಟ್ರಾದ ನನ್ನ ಅಪ್ಪ ಅವುಗಳನ್ನು ಒರೆಸುವಾಗಲೆಲ್ಲ, ‘ಇಷ್ಟು ಗೆದ್ದಿ, ಒಮ್ಮಿ ಆದರೂ ಸುಮ್ಮನ ಇದ್ದಿದ್ದಕ್ಕ ಒಂದು ಕಪ್ ತರಬೇಕಿತ್ತವಾ’ ಎನ್ನುವುದುಂಟು. ಆದ್ದರಿಂದ ಓದುಗರೇ, ಮುಂದೆ ನಾನು ಹೇಳಲಿರುವುದರಲ್ಲಿ ಎಲ್ಲಿಯಾದರೂ ನನ್ನ ದನಿ ನಡುಗಿದಂತೆ ಕಂಡರೆ ಅದು ವಾಕ್ಯರಚನೆಯ ದೋಷವೆಂದು ತಿಳಿಯಬೇಕು.

ಅಂಗಡಿಯಲ್ಲಿದ್ದ ಸಿದ್ಧ ಟ್ರಾಲಿಗೆ ಲಾರಿಗಿಂತ ಹೆಚ್ಚು ಬೆಲೆ. ಎಳೆಯುವವನಿಗಿಂತ ಎಳೆಸಿಕೊಳ್ಳುವವನು ದುಬಾರಿಯಾಗುವ ನ್ಯಾಯ ಲೋಕದಲ್ಲಿ ಅಲ್ಲಲ್ಲಿ ಕಂಡದ್ದೇ ಆದರೂ ಆಟಿಕೆಯಲ್ಲಿ ಅದನ್ನು ಒಪ್ಪಲು ಮನಸ್ಸಾಗದೆ, ಮನೆಯಲ್ಲೇ ಒಂದನ್ನು ಕಟ್ಟುವ ಸಂಕಲ್ಪ ಮಾಡಿದೆ. ಅಡುಗೆಮನೆಯ ಎಣ್ಣೆಡಬ್ಬಿಯನ್ನು ಉದ್ದುದ್ದ ಸೀಳಿದಾಗ ಮೈ ಸಿದ್ಧವಾಯಿತು, ಬೆರಳೂ ಸಿದ್ಧವಾಗಿ ರಕ್ತ ಸುರಿಸಿತು. ಅಪ್ಪನ ಹಳೆಯ ಸೈಕಲ್ಲಿನ ಕಡ್ಡಿ ಅಚ್ಚಾಯಿತು. ಬರೆದು ಮುಗಿದ ಬಾಲ್‌ಪೆನ್ನಿನ ಕೊಳವೆ ಅಚ್ಚು ತಿರುಗುವ ತೊಟ್ಟಿಲಾಯಿತು. ಕೊಂಡಿಗೆ ಸಿಕ್ಕಿಸುವ ಮೂತಿಯನ್ನು ಎಷ್ಟು ಎತ್ತರದಲ್ಲಿಡಬೇಕೆಂಬುದು ಮಾತ್ರ ಬಗೆಹರಿಯಲಿಲ್ಲ. ಸ್ವಲ್ಪ ಮೇಲಾದರೆ ಲಾರಿಯ ಹಿಂಗಾಲು ಏಳುತ್ತದೆ, ಕೆಳಗಾದರೆ ಟ್ರಾಲಿ ಮುಗ್ಗರಿಸುತ್ತದೆ. ಕೊನೆಗೆ ಕೋರ್ಟಿನ ಎದುರಿಗೆ ಟ್ರ್ಯಾಕ್ಟರ್ ಟ್ರಾಲಿಗಳನ್ನು ವೆಲ್ಡಿಂಗ್ ಮಾಡುವ ಮಿಸ್ತ್ರಿಯೊಬ್ಬರ ಮುಂದೆ ಅದನ್ನಿಟ್ಟೆ. ಕಪ್ಪು ಕನ್ನಡಕವನ್ನು ಹಣೆಗೇರಿಸಿ ಅವರು ಬಹಳ ಹೊತ್ತು ಗಂಭೀರವಾಗಿ ಪರೀಕ್ಷಿಸಿದರು.

‘ವಕೀಲ್ ಸಾಹೇಬ್ರ, ಇದಕ್ಕ ಆರ್‌ಟಿಓ ಪಾಸಿಂಗ್ ಆಗ್ಯದೇನ್ರಿ?’

‘ಇನ್ನೂ ಇಲ್ರಿ.’

‘ಅಚ್ಚು ಒಂದು ಬೆರಳು ಹಿಂದಕ್ಕ ಸರಸ್ರಿ, ಮೂತಿ ಗಾಲಿ ನಡಕ್ಕ ತರ್ರಿ. ಎಳಿಯೋದು ದೊಡ್ಡ ಮಾತಲ್ಲ ತಂಗಿ. ಇಳುಕಲಿನ್ಯಾಗ ಹಿಂದಿಂದು ಮುಂದಿಂದಕ್ಕ ದಬ್ತದ. ಅವಾಗ ಯಾರು ಯಾರಿಗೆ ಎಳಿಯಾಕತ್ತಾರಂತ ಗೊತ್ತಾಗಂಗಿಲ್ಲ.’

ಉಳಿದದ್ದು ಗಾಲಿಗಳು. ಬಾಟಲಿಯ ಮುಚ್ಚಳಗಳು ನೆಲದ ಮೇಲೆ ಉರುಳದೆ ಜಾರುತ್ತಿದ್ದವು. ಈ ಸೀಮೆಯಲ್ಲಿ ಬೆಳೆದ ಯಾರಿಗಾದರೂ ಪರಿಹಾರ ಗೊತ್ತು: ಸವೆದ ಹವಾಯಿ ಚಪ್ಪಲಿಯ ಅಟ್ಟೆಯ ಮೇಲೆ ಬಟ್ಟಲು ಬೋರಲಿಟ್ಟು ಗೆರೆ ಎಳೆದು ದುಂಡಗೆ ಕತ್ತರಿಸಿದರೆ ಅದಕ್ಕಿಂತ ಉತ್ತಮವಾದ ಗಾಲಿ ಭೂಮಂಡಲದಲ್ಲಿಲ್ಲ. ಆ ಭಾನುವಾರ ನಾನು ಕಕ್ಕೇರಾದಲ್ಲಿದ್ದೆ. ಅಪ್ಪನ ಅಕ್ಕ, ನನ್ನ ಸೋದರತ್ತೆ, ಅಲ್ಲಿ ಒಬ್ಬಳೇ ಬೇಸಾಯ ಮಾಡಿಸಿಕೊಂಡಿರುವಾಕೆ. ಮಳೆಗಾಲದಲ್ಲಿ ಜಾರಿ ಬಿದ್ದು ತೊಡೆಯೆಲುಬು ಮುರಿದು, ಒಳಗೆ ಕಬ್ಬಿಣದ ಸರಳು ಹಾಕಿಸಿಕೊಂಡು ಕುರ್ಚಿ ಹಿಡಿದಿದ್ದಳು. ವಾರಕ್ಕೊಮ್ಮೆ ಹೋಗಿ ಬೇಕು ಬೇಡ ನೋಡಿ ಬರುವುದು ನನ್ನ ಪಾಳಿ. ಹಿತ್ತಲ ಬಾಗಿಲಲ್ಲಿ ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳ ಕೊನೆಯಲ್ಲಿ ನೀಲಿ ಬಾರಿನ ದೊಡ್ಡ ಗಂಡಸರ ಜೋಡೊಂದಿತ್ತು. ಆ ಮನೆಯಲ್ಲಿ ಗಂಡಸರಿಲ್ಲ. ಯಾವುದೋ ಆಳಿನದು, ಮರೆತುಹೋದದ್ದು ಎಂದು ತೀರ್ಮಾನಿಸಿ ಕತ್ತರಿ ಹಾಕಿದೆ. ಯಾರೂ ಮೆಟ್ಟದ ಚಪ್ಪಲಿಯ ಮೇಲೆ ಒಂದಿಷ್ಟಾದರೂ ಧೂಳಿರಬೇಕಿತ್ತಲ್ಲ, ಇದರ ಮೇಲೆ ಯಾಕಿಲ್ಲ ಎಂದು ಕೇಳಿಕೊಳ್ಳಲಿಲ್ಲ. ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸದೆ ಬಿಟ್ಟುಬಿಡುವ ತಪ್ಪನ್ನು ನನ್ನ ಹಿರಿಯ ವಕೀಲರು ಎಂದೂ ಕ್ಷಮಿಸುವುದಿಲ್ಲ.

ಅತ್ತೆಯ ಕಾಲಿಗಿಂತ ಆಕೆಯನ್ನು ಹೆಚ್ಚು ಬಾಧಿಸುತ್ತಿದ್ದದ್ದು ಎಳ್ಳಮವಾಸ್ಯೆ. ಅಂದು ನಮ್ಮ ಕಡೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಜೋಳದ ನುಚ್ಚಿನ ಬಾನ, ಸಜ್ಜಿಯ ಕಡುಬು ಎಲ್ಲ ಕಲಸಿ, ಬರಿಗಾಲಲ್ಲಿ ಹೊಲದ ಸುತ್ತ ನಡೆಯುತ್ತ ಬೆಳೆಗೆ ಎರಚುತ್ತಾರೆ. ಇದಕ್ಕೆ ಚರಗ ಚೆಲ್ಲುವುದು ಎಂದು ಹೆಸರು. ಭೂಮಿಗೂ, ಭೂಮಿಯಲ್ಲಿ ಇರುವವರಿಗೂ, ಇದ್ದು ಹೋದವರಿಗೂ ಅದು ಊಟ. ಚೆಲ್ಲುವವರು ಹಿಂದಿರುಗಿ ನೋಡಕೂಡದೆಂಬುದು ಅದರ ಕಟ್ಟಳೆ. ಉಣ್ಣುವವರನ್ನು ನೋಡುವುದು ಸಭ್ಯತೆಯಲ್ಲ ಎಂಬ ಸರಳ ವಿವೇಕವೋ, ನೋಡಿದರೆ ಏನು ಕಂಡೀತೋ ಎಂಬ ಭಯವೋ, ನಾನು ಕಾಣೆ.

ಅತ್ತೆಯ ಹೊಲ ಒಂದೇ ತುಂಡಾಗಿತ್ತಂತೆ, ಕಾಲುವೆ ಬರುವ ತನಕ. ಕಾಲುವೆ ಅದನ್ನು ನಡುವೆ ಸೀಳಿಕೊಂಡು ಹೋಯಿತು. ಕೆಳಗಿನ ತುಂಡಿಗೆ ನೀರು ಹತ್ತಿ ನೆಲ್ಲಿನ ಗದ್ದೆಯಾಯಿತು. ನೀರು ಮೇಲಕ್ಕೇರದಾದ್ದರಿಂದ ಆಚೆ ದಡದ ತುಂಡು ಜೋಳದ ಹೊಲವಾಗಿಯೇ ಉಳಿಯಿತು. ಎರಡರ ನಡುವೆ ತೂಬಿನ ಬಳಿ ಅಡಿಯಗಲದ ಸಿಮೆಂಟಿನ ಹಲಗೆಯೊಂದು ಬಿಟ್ಟರೆ ಬೇರೆ ಹತ್ತಿರದ ದಾರಿಯಿಲ್ಲ. ಗಾಡಿ ಹೋಗುವ ಸೇತುವೆಗೆ ಸುತ್ತಿ ನಡೆಯಬೇಕು, ಅರ್ಧ ತಾಸಿನ ಹಾದಿ; ಅಲ್ಲಿಂದ ಆಚೆ ಹೊಲದ ತನಕ ಕಾಲುದಾರಿ ಮಾತ್ರ. ಆ ಕಾಲುವೆಯಲ್ಲಿಯೇ, ನಾನು ಹುಟ್ಟುವ ಮುಂಚೆ, ನೀರು ಬಿಟ್ಟ ಮೊದಲ ವರ್ಷ, ಆಚೆ ದಡದಲ್ಲಿ ಹಕ್ಕಿ ಕಾಯಲು ಹೋದ ಅತ್ತೆಯ ಗಂಡ, ನಮ್ಮ ಮಾಮ, ಇಲ್ಲವಾದರು. ಹಳ್ಳದ ನೀರು ಬರುವಾಗ ಅರ್ಧ ಮೈಲಿಯಿಂದಲೇ ಗದ್ದಲ ಮಾಡಿಕೊಂಡು ಬರುತ್ತದೆ. ಹಳ್ಳವನ್ನಷ್ಟೇ ಬಲ್ಲ ಜನಕ್ಕೆ ಸದ್ದಿಲ್ಲದೆ ಬರುವ ನೀರು ಹೊಸದಾಗಿತ್ತು. ಇಷ್ಟು ನನಗೆ ಗೊತ್ತಿತ್ತು. ಮಾಮ ಹೋದಂದಿನಿಂದ ಪ್ರತಿ ವರ್ಷ ಅತ್ತೆಯೇ ಹಲಗೆ ದಾಟಿ ಆಚೆ ದಡದಲ್ಲಿ ಚರಗ ಚೆಲ್ಲಿ ಬರುತ್ತಿದ್ದಳು. ಈ ವರ್ಷ ಅದು ತಪ್ಪುತ್ತದೆ ಎಂದು ಊಟ ಬಿಟ್ಟು ಕೂತಿದ್ದಳು.

‘ಅಪ್ಪ ಚೆಲ್ತಾನಂತಲ್ಲ ಅತ್ತಿ’ ಎಂದೆ.

‘ಅದು ತವರುಮನಿ ಕೈ ಆತದ. ಆ ಹೊಲಕ್ಕ ಮುಟ್ಟಂಗಿಲ್ಲ.’

‘ನಾ?’

‘ನೀ ಯಾರ ಮಗಳು? ಆಕಾಶದಿಂದ ಉದುರಿ ಬಿದ್ದಿಯೇನು?’

ಎದುರಾಳಿ ತನ್ನ ನಿಲುವನ್ನು ನಿಯಮದ ಭಾಷೆಯಲ್ಲಿ ಮಂಡಿಸಿದಾಗ ನಿಯಮದೊಳಗೇ ಬಾಗಿಲು ಹುಡುಕಬೇಕು. ನಾನು ಲಾರಿಯನ್ನೂ ಟ್ರಾಲಿಯನ್ನೂ ಆಕೆಯ ಕುರ್ಚಿಯ ಮುಂದೆ ತಂದಿಟ್ಟೆ.

‘ಆಳಿನ ಕೈಲಿ ಬಿತ್ತಸ್ತಿ. ಬಿತ್ತಿದ ಕೈ ಯಾರದು ಅಂತಿ?’

‘ನಂದು.’

‘ಹಂಗಾದರ ಈ ರಿಮೋಟ್ ನಿನ್ನ ಕೈಯಾಗ ಇತ್ತಂದ್ರ, ಚೆಲ್ಲೋ ಕೈ ಯಾರದು?’

ಆಕೆ ಟ್ರಾಲಿಯನ್ನು ಎತ್ತಿಕೊಂಡು ಮಗುಚಿ, ಗಾಲಿಯನ್ನು ಹೆಬ್ಬೆರಳಿನಿಂದ ತಿರುಗಿಸಿದಳು, ನಿಲ್ಲಿಸಿದಳು, ಮತ್ತೆ ತಿರುಗಿಸಿದಳು. ಆಮೇಲೆ, ‘ಹೂಂ. ಹಂಗೇ ಮಾಡೋಣು’ ಎಂದಳು. ನನ್ನ ಜೀವಮಾನದ ಅತ್ಯುತ್ತಮ ವಾದ ಅದೆಂದು ಅಂದು ರಾತ್ರಿ ನನ್ನನ್ನು ನಾನೇ ಅಭಿನಂದಿಸಿಕೊಂಡೆ.

ಅಂಗಳದಲ್ಲಿ ತಾಲೀಮು ನಡೆಯಿತು. ಅತ್ತೆ ಲಾರಿಯನ್ನು ಎತ್ತಿನಂತೆ ಹೊಡೆಯುತ್ತಿದ್ದಳು. ತಿರುವಿನಲ್ಲಿ ನಾಲಿಗೆಯನ್ನು ತುಟಿಯ ಮೂಲೆಗೆ ತಂದು ‘ಹೋ, ಹೋ’ ಎಂದು ಸಮಾಧಾನ ಹೇಳುತ್ತಿದ್ದಳು. ಕೋಳಿಗಳು ಆ ವಾಹನವನ್ನು ದ್ವೇಷಿಸಿದವು. ಕಲಸಿದ ಬಾನ ಡಬ್ಬಿಯ ತೂತಿನಲ್ಲಿ ಕಟ್ಟಿಕೊಂಡು ಬೀಳದಾದಾಗ ನಾನು ಅಚ್ಚಿನ ಕಡ್ಡಿಯ ತುದಿಯನ್ನು ಬಗ್ಗಿಸಿ, ಗಾಲಿಯ ಪ್ರತಿ ಸುತ್ತಿಗೂ ಅದು ಡಬ್ಬಿಯ ತಳಕ್ಕೆ ಒಮ್ಮೆ ಬಡಿಯುವಂತೆ ಮಾಡಿದೆ. ಚಟ್, ಚಟ್ ಎಂದು ಬಡಿದಾಗ ಒಂದೊಂದು ಚಿಟಿಕೆ ಉದುರುತ್ತಿತ್ತು. ಲಾರಿ ನಿಧಾನವಾಗಿ ಹೋದರೆ ಯಾರೋ ಹವಾಯಿ ಚಪ್ಪಲಿ ಮೆಟ್ಟಿ ನಡೆದುಹೋದಂತೆ ಕೇಳಿಸುತ್ತಿತ್ತು. ಅದನ್ನು ಮೊದಲ ಸಲ ಕೇಳಿದಾಗ ಅತ್ತೆ ಲಾರಿಯನ್ನು ನಿಲ್ಲಿಸಿ, ಮತ್ತೆ ನಡೆಸಿ, ಮತ್ತೆ ನಿಲ್ಲಿಸಿದಳು. ಯಂತ್ರಕೌಶಲಕ್ಕೆ ಬೆರಗಾದಳೆಂದು ನಾನು ಬೀಗಿದೆ.

ಎಳ್ಳಮವಾಸ್ಯೆಯ ಮಧ್ಯಾಹ್ನ ಅಪ್ಪ, ಕುರ್ಚಿ ಸಮೇತ ಬಂಡಿಯಲ್ಲಿ ಬಂದ ಅತ್ತೆ, ನಾನು ಕಾಲುವೆಯ ಈಚೆ ದಡದಲ್ಲಿದ್ದೆವು. ಪೂಜೆ ಮುಗಿದಿತ್ತು. ಸುತ್ತಲಿನ ಹೊಲಗಳ ಚರಗದ ಕೂಗುಗಳೆಲ್ಲ ನಿಂತು, ಜನ ಉಣ್ಣಲು ಕೂತ ಹೊತ್ತು. ನೆರಳು ಗಿಡ್ಡಾಗಿತ್ತು, ಗಾಳಿಯಿರಲಿಲ್ಲ. ಕಾಲುವೆ ದಡದುದ್ದಕ್ಕೂ ತುಂಬಿ, ಹರಿಯುವುದೇ ತಿಳಿಯದಂತೆ ಹರಿಯುತ್ತಿತ್ತು. ಡಬ್ಬಿಗೆ ಚರಗ ತುಂಬಲು ಟ್ರಾಲಿಯನ್ನೆತ್ತಿದ ಅಪ್ಪ ಅದನ್ನು ಹೊರಳಿಸಿ ಗಾಲಿ ನೋಡಿದವನು ಹಾಗೇ ನಿಂತ. ನಮ್ಮ ಜನ ಜಾತ್ರೆ ಸಂತೆಗಳಲ್ಲಿ ಚಪ್ಪಲಿ ಅದಲುಬದಲಾಗದಿರಲೆಂದು ಅಟ್ಟೆಗೆ ಕಾಯಿಸಿದ ಕುಡುಗೋಲಿನಿಂದ ಗುರುತು ಸುಡುತ್ತಾರೆ. ಒಂದು ಗಾಲಿಯ ಮೇಲೆ ಅರ್ಧ ಕತ್ತರಿಸಿಹೋದ ಅಂಥ ಗುರುತಿತ್ತು.

‘ಇವು ಎಲ್ಲೀವು?’

‘ಹಿತ್ತಲ ಬಾಗಿಲದಾಗ ಇದ್ದವು.’

ಅಪ್ಪನ ದನಿ ಇಳಿಯಿತು. ‘ನಿಮ್ಮ ಮಾಮ ಹೋದಾಗ ಮನುಷ್ಯಾ ಸಿಗಲಿಲ್ಲ. ಈ ಜೋಡು ಸಿಕ್ಕಿತ್ತು. ಇದೇ ಹಲಗಿ ಹತ್ರ, ಈಚಿಗೆ, ಬಿಟ್ಟು ದಾಟಿದ್ದ.’ ಆಮೇಲೆ ಅಕ್ಕನ ಕಡೆ ತಿರುಗಿದ. ‘ಯಕ್ಕಾ, ಬ್ಯಾಡ. ಚಪ್ಪಲಿ ಮ್ಯಾಲ ಎಡಿ ಇಟ್ಟು ಕಳಸೂದು ಎಲ್ಲ್ಯಾರ ಉಂಟೇನು?’

ನಾನು ಲಾರಿಯ ಕೊಂಡಿಯನ್ನು ನೋಡುತ್ತ ನಿಂತೆ. ಸುಮ್ಮನಿದ್ದುದಕ್ಕೆ ಅಪ್ಪ ಬಯಸಿದ್ದ ಕಪ್ಪು ಆ ಕ್ಷಣ ನನ್ನದಾಗಿತ್ತು.

‘ನಾ ಅವತ್ತೇ ನೋಡೇನಿ’ ಎಂದಳು ಅತ್ತೆ. ‘ಈಕಿ ವಾದ ಮಾಡಾಕತ್ತಿದ್ಳು, ನಾ ಗಾಲಿ ನೋಡಾಕತ್ತಿದ್ದೆ. ಇಷ್ಟು ವರ್ಷ ಉಣ್ಣಾಕ ಒಯ್ದೇನಿ, ಕಾಲಾಗಿಂದು ಒಯ್ಯೋದು ಹೊಳಿಲಿಲ್ಲ ನನಗ. ಆಚಿ ದಂಡಿ ಹಾದಿ ಬದಿಗೆಲ್ಲ ಕೊಯ್ದ ಸಜ್ಜಿ ಕೂಳಿ. ಬರಿಗಾಲಾಗ ಹೆಂಗ ಬರಬೇಕು ಅವರು? ಮೆಟಗೊಂಡು ಬರಲಿ. ತುಂಬು.’

ಕೂಳಿಯೆಂದರೆ ಕೊಯ್ಲಾದ ಮೇಲೆ ನೆಲದಲ್ಲಿ ಉಳಿಯುವ ಚೂಪಾದ ಬುಡ. ಅದು ಅಂಗಾಲನ್ನು ಹೇಗೆ ಹೊಗುತ್ತದೆಂದು ಬಲ್ಲ ಅಪ್ಪ ಸುಮ್ಮನೆ ತುಂಬಿದ. ಹಾಗಾದರೆ ಆಕೆಗೆ ಬೇಕಿದ್ದದ್ದು ಚರಗವಷ್ಟೇ ಅಲ್ಲ; ಇಷ್ಟು ವರ್ಷ ಆಚೆ ನಿಂತವರನ್ನು ಈಚೆಗೆ ಕರೆತರುವುದು. ನನ್ನ ತರ್ಕದ ಬಂಡಿಗೆ ಆಕೆ ಎಂದೂ ಹತ್ತಿರಲೇ ಇಲ್ಲ. ನಾನೇ ಆಕೆಯದಕ್ಕೆ ಸಿಕ್ಕಿಕೊಂಡು ಹಿಂದೆ ಹಿಂದೆ ಉರುಳುತ್ತಿದ್ದೆ.

ಲಾರಿ ಹಲಗೆ ಹತ್ತಿತು. ಅದರ ಎರಡು ಬದಿಗೂ ನಾಲ್ಕು ಬೆರಳು ಜಾಗ. ಟ್ರಾಲಿ ಕೊಂಚ ಅಗಲ, ಅದಕ್ಕೆ ಅಷ್ಟೂ ಇರಲಿಲ್ಲ. ನಡುವಿನಲ್ಲಿ ಅದರ ಎಡಗಾಲಿ ಅಂಚಿನಿಂದ ಹೊರಗೆ ಬಂದು, ನೀರಿನ ಮೇಲೆ ಗಾಳಿಯಲ್ಲಿ ಒಂದು ಸುತ್ತು ತಿರುಗಿತು. ಅತ್ತೆ ಕೂದಲೆಳೆಯಷ್ಟು ಬಲಕ್ಕೆ ತಿರುಗಿಸಿದಳು. ಗಾಲಿ ಮತ್ತೆ ಸಿಮೆಂಟು ಹಿಡಿಯಿತು. ಆಚೆಯ ಇಳುಕಲಿನಲ್ಲಿ ಟ್ರಾಲಿ ಲಾರಿಯನ್ನು ದಬ್ಬಿತು. ಎರಡೂ ಓರೆಯಾಗಿ, ಸಾವರಿಸಿಕೊಂಡು, ಜೋಳದ ಅಂಚಿನ ಕಾಲುದಾರಿಗಿಳಿದವು. ಚಟ್, ಚಟ್, ಚಟ್.

ಇಲ್ಲಿ ಒಂದು ವಿಷಯ ನನಗೆ ತಡವಾಗಿ ಹೊಳೆಯಿತು. ಚರಗ ಚೆಲ್ಲುವವರು ಮುಂದೆ ನಡೆಯುತ್ತಾರೆ, ಚೆಲ್ಲಿದ್ದು ಬೆನ್ನ ಹಿಂದೆ ಬೀಳುತ್ತದೆ. ತಲೆತಲಾಂತರದಿಂದ ಅದರ ಹಿಂದೆ ಏನಾಗುತ್ತದೆಂದು ಯಾರೂ ನೋಡಿದವರಲ್ಲ. ರಿಮೋಟ್ ಹಿಡಿದವರಿಗೆ ಆ ಸೌಲಭ್ಯವಿಲ್ಲ. ನನ್ನ ಅಗ್ಗದ ಡಬ್ಬಿಯ ದೆಸೆಯಿಂದ, ನಾವು ಮೂವರು ಆ ಮಟಮಟ ಮಧ್ಯಾಹ್ನ ನೋಡಬಾರದ ಕಡೆಗೇ ನೋಡುತ್ತ ಕೂತಿದ್ದೆವು.

ಟ್ರಾಲಿಯ ಹಿಂದೆ, ನಾಲ್ಕು ಮಾರು ದೂರದಲ್ಲಿ, ಅಂಚಿನ ಜೋಳದ ದಂಟು ಅಲುಗಿತು. ಅದು ನಿಂತ ಮೇಲೆ ಅದರ ಮುಂದಿನದು. ಆಮೇಲೆ ಅದರ ಮುಂದಿನದು. ಲಾರಿ ಹೋದಷ್ಟೂ ಅಲುಗಾಟ ಬಂತು. ಹತ್ತಿರ ಬರಲಿಲ್ಲ, ದೂರವೂ ಆಗಲಿಲ್ಲ. ಮುಂಗುಸಿ, ಎಂದು ಒಳಗೇ ವಾದ ಹೂಡಿದೆ. ಹಂದಿಮರಿ. ಹೆಗ್ಗಣ, ಕಡುಬಿನ ವಾಸನೆಗೆ. ಮೂರೂ ಸಾಧುವಾದ ಪಕ್ಷಗಳೇ. ಆದರೆ ಅಲುಗುತ್ತಿದ್ದದ್ದು ದಂಟಿನ ಬುಡವಲ್ಲ, ಭುಜದೆತ್ತರದ ಗರಿಗಳು. ಪಕ್ಕದಲ್ಲಿ ಅಪ್ಪ ಮುಖ ತಿರುಗಿಸಿ ಗದ್ದೆ ನೋಡತೊಡಗಿದ್ದ.

ಅತ್ತೆ ಬೆರಳು ತೆಗೆದಳು. ಲಾರಿ ನಿಂತಿತು. ಗಾಲಿಗಳು ನಿಂತ ಮೇಲೂ ಚಟ್, ಎಂದಿತು. ಚಟ್. ಚಟ್. ಚಟ್. ಆಮೇಲೆ ಸದ್ದು ನಿಂತಿತು.

ಕಾಲುವೆಯ ಸಿಮೆಂಟಿನ ಗೋಡೆಯ ಮಾರ್ದನಿ, ಎಂದುಕೊಂಡೆ. ನಾಲ್ಕು ಹೆಜ್ಜೆಯ ಸದ್ದು ಅಷ್ಟು ತಡವಾಗಿ ಮರಳಬೇಕಾದರೆ ಗೋಡೆ ಎಷ್ಟು ದೂರದಲ್ಲಿರಬೇಕೆಂದು ಅಲ್ಲಿಯೇ ಲೆಕ್ಕ ಹಾಕಿದೆ. ಅಷ್ಟು ದೂರದಲ್ಲಿ ಬಯಲಲ್ಲದೆ ಏನೂ ಇರಲಿಲ್ಲ. ಬಾಯಿ ತೆರೆದೆ.

‘ಮಾತಾಡಬ್ಯಾಡ’ ಎಂದಳು ಅತ್ತೆ, ಮೆಲ್ಲಗೆ. ‘ಅವರ ನಡಿಗಿನೇ ಹಂಗ, ಸಾವಕಾಶ. ಮದುವಿ ಮೆರವಣಿಗ್ಯಾಗೂ ಹಿಂದೇ ಉಳದಿದ್ರು.’

ಮತ್ತೆ ಬೆರಳಿಟ್ಟಾಗ ಲಾರಿ ಕದಲಲಿಲ್ಲ. ಬ್ಯಾಟರಿ ಮುಗಿದಿತ್ತು, ಇದಕ್ಕೆ ಕಾರಣ ಹುಡುಕಬೇಕಾಗಲಿಲ್ಲ, ಅದಕ್ಕಾಗಿ ನನಗೆ ಎಂಥ ಕೃತಜ್ಞತೆಯಾಯಿತೆಂದರೆ ಅಳು ಬಂತು. ಅತ್ತೆ ರಿಮೋಟನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಖ ನೋಡಿದಳು. ಆ ನೋಟದಲ್ಲಿ ಆಜ್ಞೆಯಿರಲಿಲ್ಲ. ನಾನು ಒಲ್ಲೆನೆಂದರೆ ಆಕೆಗೆ ಬೇರೆ ಯಾರೂ ಇರಲಿಲ್ಲ ಎಂಬುದಷ್ಟೇ ಇತ್ತು.

‘ಹೋಗಿ ತರ್ತಿಯೇನವಾ? ಹಲಗಿ ಮ್ಯಾಲ ಬ್ಯಾಡ, ಬ್ರಿಜ್ಜಿನ ಮ್ಯಾಲ. ಲಾರಿ ಬೇಕಾದರ ಬಗಲಾಗ ಹಿಡಿ. ಟ್ರಾಲಿ ಮಾತ್ರ ಎತಿಗೊಂಡು ಬರಬ್ಯಾಡ, ನಡಸಿಕೊಂಡು ಬಾ. ಹೊಳ್ಳಿ ನೋಡಬ್ಯಾಡ.’

ನೂರು ಆಕ್ಷೇಪಣೆಗಳಿದ್ದವು. ಹೂಂ ಎಂದೆ.

ಸುತ್ತಿ ಹೋದೆ. ಆಚೆ ದಡದಲ್ಲಿ ನೋಡಬೇಕಾದ್ದನ್ನೆಲ್ಲ ನೋಡಿದೆ. ನೆಲ ಬಿರುಸು, ಯಾವ ಪ್ರಾಣಿಯ ಹೆಜ್ಜೆಯೂ ಮೂಡುವಂತಿರಲಿಲ್ಲ. ದಂಟುಗಳು ದಂಟುಗಳಂತೆಯೇ ನಿಂತಿದ್ದವು. ಡಬ್ಬಿಯಲ್ಲಿ ಒಂದು ಹಿಡಿ ಚರಗ ಉಳಿದಿತ್ತು. ಲಾರಿಯನ್ನು ಬಿಡಿಸಿ ಬಗಲಲ್ಲಿಟ್ಟುಕೊಂಡು, ಟ್ರಾಲಿಯ ಮೂತಿಗೆ ಸುತಲಿ ಹಗ್ಗ ಕಟ್ಟಿ, ತುದಿಯನ್ನು ಭುಜದ ಮೇಲಿಂದ ಹಿಡಿದು ನಡೆದೆ. ಚಟ್, ಚಟ್. ಬೆನ್ನ ಹಿಂದೆ ಸದ್ದು ಮಾಡುವುದು ನಾನೇ ಬಗ್ಗಿಸಿದ ಕಡ್ಡಿ. ಅದು ಎಲ್ಲಿ ಬಡಿಯುತ್ತದೆ, ಯಾಕೆ ಬಡಿಯುತ್ತದೆ, ಎಲ್ಲವನ್ನೂ ಬಲ್ಲೆ. ಹೀಗಿರುವಾಗ ತಿರುಗಿ ನೋಡುವ ಅಗತ್ಯವೇ ಇಲ್ಲವಷ್ಟೆ. ನೋಡದಿರುವುದಕ್ಕೆ ಇಷ್ಟು ಸದೃಢವಾದ ಕಾರಣ ನನಗೆ ಜೀವನದಲ್ಲಿ ಇನ್ನೊಮ್ಮೆ ಸಿಕ್ಕಿಲ್ಲ. ಸೇತುವೆಯ ಏರಿನಲ್ಲಿ ದಣಿದೆನಾದರೂ ನಿಲ್ಲಲಿಲ್ಲ. ನಿಂತರೆ ಸದ್ದು ನನ್ನೊಂದಿಗೇ ನಿಲ್ಲುವುದೋ ಇಲ್ಲವೋ ಎಂಬುದನ್ನು ತಿಳಿಯುವ ಕುತೂಹಲ, ಕುತೂಹಲವೇ ನನ್ನ ಧರ್ಮವಾಗಿದ್ದರೂ, ಆಗ ಇರಲಿಲ್ಲ. ನಡಿಗೆಯನ್ನು ಮಾತ್ರ ನಿಧಾನಿಸಿದೆ. ಅವರದು ಸಾವಕಾಶದ ನಡಿಗೆಯಲ್ಲವೇ.

ಈಚೆ ದಡದಲ್ಲಿ ಅತ್ತೆ ಅಪ್ಪನ ಭುಜ ಹಿಡಿದು ಎದ್ದು ನಿಂತಿದ್ದಳು. ಕೈಯಲ್ಲಿ ತಂಬಿಗೆ, ದೂರದಿಂದ ಮನೆಗೆ ಬಂದವರ ಕಾಲಿಗೆ ಕೊಡುವ ನೀರು. ನಾನು ಹತ್ತಿರವಾದಾಗ ಆಕೆ ನನ್ನನ್ನು ನೋಡಲಿಲ್ಲ. ನನ್ನ ಭುಜದಾಚೆ, ನನಗಿಂತ ಒಂದು ಗೇಣು ಎತ್ತರಕ್ಕೆ ನೋಡುತ್ತ, ತಂಬಿಗೆಯನ್ನು ಮುಂದೆ ಚಾಚಿದಳು.

ಅಲ್ಲಿ ಬಾಗಿಲಿರಲಿಲ್ಲ, ಹೊಸ್ತಿಲಿರಲಿಲ್ಲ. ಸುತ್ತ ಬಯಲು, ಹತ್ತು ಜನ ಒಟ್ಟಿಗೆ ಹಾಯುವಷ್ಟು ಜಾಗವಿತ್ತು. ಆದರೂ ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.